ಬಂದವರಿಗೆ ಇಡುವ ಚಹಾ

1967ರ ಬೇಸಗೆ. ಆಗ ನಾನು ಬೆಂಗಳೂರಿನ ಒಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆಯಲ್ಲಿ ಫೀಲ್ಡ್ ಇನ್ವೆಸ್ಟಿಗೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಮನೆಮನೆ ತಿರುಗುವುದು. ಜನ ಯಾವ ಸೋಪು ಹಚ್ಚಿಕೊಳ್ಳುತ್ತಾರೆ, ಯಾವ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾರೆ, ಟಾರ್ಚಿನ ಸೆಲ್ಲು ಮುಗಿದರೆ ಯಾವ ಅಂಗಡಿಗೆ ಹೋಗುತ್ತಾರೆ ಎಂದು ಕೇಳಿ ಬರೆದುಕೊಂಡು ಬರಬೇಕು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ಹುಡುಗಿ ಇಂಥ ಕೆಲಸಕ್ಕೆ ಯಾಕೆ ಹೋದಳು ಎಂದು ಬ್ರಹ್ಮಾವರದಲ್ಲಿದ್ದ ನಮ್ಮ ನೆಂಟರು ಬಹಳ ತಲೆ ಕೆಡಿಸಿಕೊಂಡಿದ್ದರು. ಶಾಲಾ ಮಾಸ್ತರಾಗಿದ್ದ ಅಪ್ಪ ಮಾತ್ರ, "ಕೇಂಬುದ್ರಲ್ಲಿ ಎಂತ ತಪ್ಪಿತ್ತ್? ಕೇಣ್ಲಿ ಬಿಡಿ" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರು.

ಆ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಮೇಲಧಿಕಾರಿ ದೇಶಪಾಂಡೆಯವರು ನನ್ನನ್ನು ಕರೆದು, "ನಿಮ್ಮ ಊರಿಗೇ ಒಂದು ಕೆಲಸ ಬಂದಿದೆ" ಎಂದರು. ಮುಂಬಯಿಯ ಒಂದು ಚಹಾ ಕಂಪನಿಗೆ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹಳ್ಳಿಗಳಲ್ಲಿ ತನ್ನ ಪ್ಯಾಕೆಟ್ ಚಹಾ ಮಾರುವ ಆಸೆ. ಕಂಪನಿಯ ತರ್ಕ ಸರಳವಾಗಿತ್ತು. ಮುಂಬಯಿಯ ಹೋಟೆಲುಗಳಲ್ಲಿ ಚಹಾ ಕಾಸುವವರಲ್ಲಿ ಈ ಕಡೆಯವರು ಬಹಳ. ಅವರ ಮನೆಗಳಿಗೆ ತಿಂಗಳು ತಿಂಗಳು ಮನಿಯಾರ್ಡರು ಬರುತ್ತದೆ. ಗಂಡ ದಿನವಿಡೀ ಊರಿಗೆಲ್ಲ ಚಹಾ ಕುಡಿಸುತ್ತಿರುವಾಗ ಹೆಂಡತಿ ಮಕ್ಕಳು ಕುಡಿಯದೆ ಇರುತ್ತಾರೆಯೇ? ಆದರೂ ಇಲ್ಲಿನ ಅಂಗಡಿಗಳಲ್ಲಿ ಪ್ಯಾಕೆಟ್ ಚಹಾ ಹೋಗುತ್ತಿರಲಿಲ್ಲ. ಚಾ ಹುಡಿಯನ್ನು ಹಳೆ ಪೇಪರಿನ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದರು, ಅದೂ ಸ್ವಲ್ಪ ಸ್ವಲ್ಪ. ಒಳ್ಳೆಯ ಚಹಾ ಒಮ್ಮೆ ಬಾಯಿಗೆ ಬಿದ್ದರೆ ಜನ ಪ್ಯಾಕೆಟ್ಟನ್ನೇ ಕೇಳುತ್ತಾರೆ ಎಂದು ಕಂಪನಿ ನಂಬಿತ್ತು. ನಂಬಿಕೆ ನಿಜವೋ ಅಲ್ಲವೋ ಎಂದು ನೋಡಿ ಹೇಳುವುದು ನಮ್ಮ ಕೆಲಸ.

ಅದಕ್ಕೆ ಆಗ ಬಳಕೆಯಲ್ಲಿದ್ದ ವಿಧಾನವನ್ನು ಪ್ಲೇಸ್‌ಮೆಂಟ್ ಟೆಸ್ಟ್ ಎನ್ನುತ್ತಿದ್ದರು. ಆರಿಸಿದ ಕೆಲವು ಮನೆಗಳಿಗೆ ಹೋಗಿ ವಸ್ತುವನ್ನು ಪುಕ್ಕಟೆ ಕೊಟ್ಟು ಬರುವುದು. ಕೆಲವು ವಾರ ಬಿಟ್ಟು ಮತ್ತೆ ಹೋಗಿ, ಎಷ್ಟು ಖರ್ಚಾಗಿದೆ ಎಂದು ಕಣ್ಣಾರೆ ನೋಡಿ, ಹೇಗಿತ್ತು ಎಂದು ಕೇಳುವುದು. ಉತ್ತರವನ್ನು "ಬಹಳ ಚೆನ್ನಾಗಿದೆ" ಎಂಬಲ್ಲಿಂದ "ಸ್ವಲ್ಪವೂ ಚೆನ್ನಾಗಿಲ್ಲ" ಎಂಬಲ್ಲಿಯವರೆಗೆ ಐದು ಚೌಕಗಳ ಒಂದು ಅಳತೆಪಟ್ಟಿಯಲ್ಲಿ ಗುರುತು ಹಾಕುವುದು. ಕೇಳಲು ಮಕ್ಕಳಾಟದಂತಿದೆ. ಆದರೆ ಈ ಗುರುತುಗಳ ಮೇಲೆಯೇ ಎಷ್ಟೋ ಕಂಪನಿಗಳ ಗಾಡಿಗಳು ಹೊರಡುತ್ತಿದ್ದವು, ನಿಲ್ಲುತ್ತಿದ್ದವು.

ಚಹಾ ಪ್ಯಾಕೆಟ್ಟುಗಳ ಪೆಟ್ಟಿಗೆಯನ್ನು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳಲು ಉಪ್ಪುಂದದ ಶೀನಪ್ಪ ಶೆಟ್ಟರು ಬಂದಿದ್ದರು. ಸರ್ವೆಯ ಫಲ ಒಳ್ಳೆಯದು ಬಂದರೆ ಈ ಭಾಗದ ಏಜೆನ್ಸಿ ಅವರಿಗೆ ಸಿಗುವುದಿತ್ತು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಷರಟು, ಮಾತಿನ ನಡುವೆ ಮುಂಬಯಿಯ ಹಿಂದಿ. ಹದಿನೈದರ ವಯಸ್ಸಿಗೆ ಮುಂಬಯಿಗೆ ಹೋದವರು ಕಪ್ಪು ತೊಳೆಯುವಲ್ಲಿಂದ ಶುರುಮಾಡಿ ಒಂದು ದೊಡ್ಡ ಹೋಟೆಲಿನಲ್ಲಿ ಚಹಾ ಮಾಡುವ ಮುಖ್ಯಸ್ಥರಾಗಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು ಒಂದು ತಿಂಗಳು ಇದ್ದು ಹೋಗುವುದು ವಾಡಿಕೆ. ಈ ಸಲ ಮಳೆಗಾಲ ಹಿಡಿಯುವವರೆಗೆ ರಜೆ ಕೇಳಿಕೊಂಡು ಬಂದಿದ್ದರು. ಆಮೇಲೆ ಹೋಟೆಲಿನವರು ಕಾಯುವುದಿಲ್ಲ, ಆ ಜಾಗಕ್ಕೆ ಬೇರೆಯವರು ಬರುತ್ತಾರೆ.

"ನಂಗ್ ಸಾಕಾಯ್ತ್ ಟೀಚರ್ರೆ, ಬಿಲ್ಕುಲ್ ಸಾಕಾಯ್ತ್. ಈ ಏಜೆನ್ಸಿ ಒಂದ್ ಸಿಕ್ರೆ ಇಲ್ಲೇ ನಿಂತೆ" ಎಂದರು. ನಾನು ಟೀಚರ್ ಅಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಚೀಲ ಹಾಕಿಕೊಂಡು ಪೆನ್ನು ಹಿಡಿದ ಹೆಂಗಸನ್ನು ಇನ್ನೇನೆಂದು ಕರೆಯುವುದು?

ಉಪ್ಪುಂದದ ಅವರ ಮನೆಗೂ ಹೋದೆ. ಮುಂದಿನ ಕೋಣೆಯಲ್ಲಿದ್ದ ಭತ್ತದ ಚೀಲಗಳನ್ನು ಹಿಂದಕ್ಕೆ ಸಾಗಿಸಿ ಸುಣ್ಣ ಬಳಿದಿದ್ದರು. ಗೋಡೆಯುದ್ದಕ್ಕೂ ಹೊಸ ಹಲಗೆಗಳು. ಮಳೆಗಾಲದಲ್ಲಿ ಸಾಗಾಟ ಕಷ್ಟವೆಂದು ಕಂಪನಿ ನಾಲ್ಕು ತಿಂಗಳ ಮಾಲನ್ನು ಮೊದಲೇ ಎತ್ತಿಕೊಳ್ಳಬೇಕೆಂದು ಹೇಳಿತ್ತು. ಮುಂಬಯಿಯಲ್ಲಿ ಕೂಡಿಸಿದ್ದೆಲ್ಲ ಅದಕ್ಕೇ ಹೋಗುವುದಿತ್ತು. ಅವರ ಹೆಂಡತಿ ಗುಲಾಬಕ್ಕ ಆ ಹಲಗೆಗಳನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು. ಇಬ್ಬರು ಹೆಣ್ಣುಮಕ್ಕಳು ಅಪ್ಪನನ್ನು ಬಾಗಿಲ ಮರೆಯಿಂದ ನೋಡುತ್ತಿದ್ದವು. ಅಪ್ಪ ಬಂದು ತಿಂಗಳಾಗಿದ್ದರೂ ಅವಕ್ಕೆ ಇನ್ನೂ ನಾಚಿಕೆ ಬಿಟ್ಟಿರಲಿಲ್ಲ.

ನನ್ನ ಪಟ್ಟಿಯಲ್ಲಿ ನೂರಿಪ್ಪತ್ತು ಮನೆಗಳಿದ್ದವು. ಬ್ರಹ್ಮಾವರದ ಒಳನಾಡಿನ ಕೊಕ್ಕರ್ಣೆ, ಕುಂದಾಪುರ ಪೇಟೆ, ಬೈಂದೂರಿನ ಹತ್ತಿರದ ಯಡ್ತರೆ, ಉಪ್ಪುಂದ. ಮೊದಲ ಸುತ್ತಿನಲ್ಲಿ ಆದ ಫಜೀತಿ ಹೇಳಿ ಸುಖವಿಲ್ಲ. ಆ ಕಾಲದಲ್ಲಿ ಚೀಲ ಹಿಡಿದು ಮನೆಮನೆಗೆ ಬರುವ ಹೆಂಗಸರೆಂದರೆ ಕುಟುಂಬ ಯೋಜನೆಯವರು. ಯಡ್ತರೆಯಲ್ಲಿ ಒಬ್ಬಾಕೆ ನನ್ನನ್ನು ದೂರದಿಂದ ಕಂಡವಳೇ ಅಂಗಳದ ಆಚೆಯಿಂದ ಕೂಗಿದಳು: "ಹ್ವಾಯ್, ನಮ್ಮನಿಲಿ ಇಪ್ಪುದೇ ಇಬ್ರ್ ಮಕ್ಳ್! ಆಪರೇಶನ್ ಎಲ್ಲ ನಮ್ಗ್ ಬ್ಯಾಡ, ಹೋಯ್ನಿ!" ನಾನು ಚೀಲದಿಂದ ಚಹಾದ ಪ್ಯಾಕೆಟ್ ತೆಗೆದು ಎತ್ತಿ ಹಿಡಿದೆ. ಆಕೆ ಹತ್ತಿರ ಬಂದು, ಪ್ಯಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ತೆಗೆದುಕೊಂಡರೆ ಆಮೇಲೆ ಆಪರೇಶನ್ ಮಾಡಿಸಿಕೊಳ್ಳಬೇಕಾಗುತ್ತದೆಯೇ ಎಂದು ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕರೆದಳು.

ಒಮ್ಮೆ ಒಳಗೆ ಹೋದ ಮೇಲೆ ಉಪಚಾರಕ್ಕೆ ಕಡಿಮೆಯಿರಲಿಲ್ಲ. ಮೊದಲು ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು. ನಾನು ಪ್ರಶ್ನೆಗಳನ್ನು ಮುಗಿಸುವಷ್ಟರಲ್ಲಿ ಒಳಗಿನಿಂದ ಹಾಲು, ಸಕ್ಕರೆ ಹಾಕಿದ ಬಿಸಿ ಚಹಾ. ಯಾರು ಬಂದಿದ್ದಾರೆಂದು ನೋಡಲು ಬಂದ ಅಕ್ಕಪಕ್ಕದವರಿಗೂ ಒಂದೊಂದು ಲೋಟ. ದಿನಕ್ಕೆ ಎಂಟು ಹತ್ತು ಮನೆ ಎಂದರೆ ಎಂಟು ಹತ್ತು ಲೋಟ ಚಹಾ. ಬೇಡವೆಂದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಬ್ರಹ್ಮಾವರದ ಮನೆಗೆ ಬಂದು ಮಲಗಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮ ಇದು ದೃಷ್ಟಿಯೇ ಎಂದು ಉಪ್ಪು ಮೆಣಸು ನಿವಾಳಿಸಿದಳು.

ಏಪ್ರಿಲ್ ಕೊನೆಗೆ ಎರಡನೇ ಸುತ್ತು ಶುರುವಾಯಿತು. ಪ್ಯಾಕೆಟ್ಟುಗಳು ಅರ್ಧ ಖಾಲಿಯಾಗಿದ್ದವು, ಕೆಲವು ಮನೆಗಳಲ್ಲಿ ಪೂರ್ತಿ ಖಾಲಿ. ಒಳಗಿನ ಬೆಳ್ಳಿ ಕಾಗದವನ್ನು ಮಕ್ಕಳು ಯಕ್ಷಗಾನದ ಕಿರೀಟಕ್ಕೆ ಅಂಟಿಸಿಕೊಂಡಿದ್ದವು. ಚಹಾ ಹೇಗಿತ್ತು ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: "ಲಾಯ್ಕ್ ಇತ್ತ್." ಪರಿಮಳ? "ಲಾಯ್ಕ್ ಇತ್ತ್." ಬಣ್ಣ? "ಅದೂ ಲಾಯ್ಕ್ ಇತ್ತ್." ನನ್ನ ಪೆನ್ನು ಮೊದಲನೇ ಚೌಕ ಬಿಟ್ಟು ಕೆಳಗಿಳಿಯಲೇ ಇಲ್ಲ. ಶೆಟ್ಟರಿಗೆ ಸುದ್ದಿ ಹೇಗೋ ಮುಟ್ಟುತ್ತಿತ್ತು. ಬಸ್ಸಿನಲ್ಲಿ ಸಿಕ್ಕಿದಾಗಲೆಲ್ಲ ಅವರೇ ನನ್ನ ಟಿಕೇಟು ತೆಗೆಸಿಬಿಡುತ್ತಿದ್ದರು.

ನನಗೂ ಸಂತೋಷವೇ. ಇಷ್ಟು ಒಳ್ಳೆಯ ಫಲಿತಾಂಶ ನಮ್ಮ ಸಂಸ್ಥೆಯಲ್ಲಿ ಯಾರಿಗೂ ಬಂದದ್ದನ್ನು ನಾನು ಕೇಳಿರಲಿಲ್ಲ. ಅದೇ ಕಾರಣಕ್ಕೆ ಸ್ವಲ್ಪ ಗುಮಾನಿಯೂ ಇತ್ತು. ನಮ್ಮ ಊರಿನವರು ದೇವರು ಕೊಟ್ಟ ಮಳೆಯಲ್ಲೂ ಕೊರತೆ ಹುಡುಕುವವರು. ಅವರು ಮುಂಬಯಿಯ ಕಂಪನಿಯನ್ನು ಹೀಗೆ ಒಂದೇ ಬಾಯಿಂದ ಹೊಗಳುವುದುಂಟೇ?

ಗುಮಾನಿ ತೀರಿದ್ದು ಕೊಕ್ಕರ್ಣೆಯಲ್ಲಿ, ಮರೆತುಬಂದ ಒಂದು ಕೊಡೆಯಿಂದ. ಮುತ್ತಕ್ಕ ಶೆಡ್ತಿ ಎಂಬ ಅಜ್ಜಿಯ ಮನೆ. ಎರಡನೇ ಸುತ್ತಿನ ಪ್ರಶ್ನೆಗಳೆಲ್ಲ ಮುಗಿದು, ಚಹಾ ಕುಡಿದು, ಹೊರಟು ಬಸ್ಸಿನ ಕಟ್ಟೆಯವರೆಗೆ ಬಂದ ಮೇಲೆ ಕೊಡೆಯ ನೆನಪಾಯಿತು. ತಿರುಗಿ ಹೋದೆ. ಹಿತ್ತಿಲ ದಾರಿ ಹತ್ತಿರವಾದ್ದರಿಂದ ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತೆ. ಮನೆಯವರೆಲ್ಲ ನೆಲದ ಮೇಲೆ ಕುಳಿತು ಲೋಟಗಳಲ್ಲಿ ಏನೋ ಕುಡಿಯುತ್ತಿದ್ದರು. ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿ ಬೆಲ್ಲ ಹಾಕಿ ಕುದಿಸಿದ ಕಷಾಯದ ವಾಸನೆ. ನಾನು ಕೊಟ್ಟ ಚಹಾದ ಪ್ಯಾಕೆಟ್ಟು ಬಾಯಿ ಕಟ್ಟಿಸಿಕೊಂಡು ಮೇಲಿನ ಹಲಗೆ ಏರಿತ್ತು.

ಮುತ್ತಕ್ಕ ಗಡಬಡಿಸಿ ಎದ್ದರು. "ಅಯ್ಯೊ ಟೀಚರ್ರೆ, ಕೂಕಣಿ, ಚಾ ಇಡ್ತೆ."

"ಈಗಷ್ಟೆ ಕುಡ್ದೆ ಅಲ್ದಾ ಅಜ್ಜಿ? ನೀವ್ ಕುಡುದನ್ನೇ ಒಂಚೂರ್ ಕೊಡಿ."

"ಇದಾ? ಇದ್ ಕಷಾಯ. ನಿಮ್ಗೆಲ್ಲ ಕೊಡುದಲ್ಲ ಇದ್."

"ಹಾಂಗಾರೆ ಚಾ ಯಾರ್ ಕುಡಿತ್ರ್?"

ಅಜ್ಜಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬಂದೋರ್ ಕುಡಿತ್ರ್" ಎಂದರು.

ನಾನು ಹೊಸ್ತಿಲ ಮೇಲೆಯೇ ಕುಳಿತೆ. ಮೊದಲು ಬಂದಾಗ ನನಗೆ ಕೊಟ್ಟದ್ದು ನಾನೇ ತಂದ ಪ್ಯಾಕೆಟ್ಟು ಒಡೆದು ಮಾಡಿದ ಚಹಾ. ನನ್ನನ್ನು ನೋಡಲು ಬಂದ ನೆರೆಯವರಿಗೂ ಅದೇ. ಆಮೇಲೆ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು, ಅವರಿಗೆ ಮಾಡಿದರು. ಜಮೀನು ಅಳೆಯುವವ ಬಂದಿದ್ದ, ಅವನಿಗೆ. ಇವತ್ತು ಮತ್ತೆ ನನಗೆ. ಮನೆಯವರು ಕುಡಿದೇ ಇಲ್ಲ. ಸಕ್ಕರೆ ಸೊಸೈಟಿಯಲ್ಲಿ ಅಳೆದು ಕೊಡುತ್ತಿದ್ದ ಕಾಲ ಅದು. ಸಕ್ಕರೆಯೂ ಹಾಲೂ ಬಂದವರಿಗೆಂದು ಇಡುವ ವಸ್ತುಗಳು. ಅವೆರಡೂ ಬೇಡುವ ಚಹಾ ಅವುಗಳ ಜೊತೆಗೇ ಮೇಲಿನ ಹಲಗೆ ಸೇರಿತ್ತು. ಒಂದರ ಖರ್ಚು ಇನ್ನೊಂದನ್ನು ಎಳೆದುಕೊಂಡು ಬರುವಂಥವನ್ನು ಅರ್ಥಶಾಸ್ತ್ರದಲ್ಲಿ ಪೂರಕ ವಸ್ತುಗಳು ಎನ್ನುತ್ತಾರೆ. ಎಂ.ಎ. ಪರೀಕ್ಷೆಯಲ್ಲಿ ನಾನು ಅದರ ಮೇಲೆ ಎರಡು ಪುಟ ಬರೆದಿದ್ದೆ.

"ಮತ್ತೆ ಲಾಯ್ಕ್ ಇತ್ತ್ ಅಂದ್ರಿ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

"ತಂದ್ ಕೊಟ್ಟೋಳ್ ಎದ್ರಿಗೆ ಕೂಕಂಡಿಪ್ಪತಿಗೆ ಲಾಯ್ಕಿಲ್ಲೆ ಅಂಬುಕ್ ಆತ್ತಾ? ನಮ್ಗೆಂತ ಮರ್ಯಾದಿ ಇಲ್ಯಾ?" ಅಜ್ಜಿ ನನಗಿಂತ ಜೋರಾದರು. ಆಮೇಲೆ ದನಿ ತಗ್ಗಿಸಿ, "ಒಂದ್ ಸಲ ಒಂದ್ ಗುಟ್ಕ್ ಕುಡ್ದಿದೆ. ರಾತ್ರಿ ಇಡೀ ಕಣ್ ಮುಚ್ಚುಕಾಯ್ಲಿಲ್ಲೆ" ಎಂದರು.

ನಾನೂ ಅದೇ ಸೀಮೆಯ ಹುಡುಗಿ. ನನಗೇಕೆ ಇದು ಮೊದಲೇ ತಿಳಿಯಲಿಲ್ಲ ಎಂದು ನೀವು ಕೇಳಬಹುದು. ನಮ್ಮದು ಮಾಸ್ತರ ಮನೆ, ಬೆಳಿಗ್ಗೆ ಎದ್ದರೆ ಕಾಫಿ. ಬೇರೆ ಮನೆಗಳಿಗೆ ನಾನು ಹೋಗುತ್ತಿದ್ದುದು ಹಿತ್ತಿಲಿನಿಂದ, ಗೆಳತಿಯರ ಜೊತೆ. ಅಲ್ಲಿ ನನಗೆ ಯಾರೂ ಚಹಾ ಮಾಡಿಕೊಟ್ಟಿರಲಿಲ್ಲ. ಚೀಲ ಹಾಕಿಕೊಂಡು ಮುಂಬಾಗಿಲಿನಿಂದ ಹೋದ ಮೇಲೆಯೇ ನಾನು ಬಂದವಳಾದದ್ದು.

ಸಂಸ್ಥೆಯ ನಿಯಮದಂತೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮನಸ್ಸು ಕೇಳಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಮೂರನೇ ಸುತ್ತು ಹೊರಟೆ. ಈ ಸಲ ಚೀಲವಿಲ್ಲ, ಫಾರಂ ಇಲ್ಲ, ಹೋದದ್ದು ಹಿತ್ತಿಲ ಬಾಗಿಲಿಗೆ. ಹೇಗಿತ್ತು ಎಂದು ಕೇಳಲಿಲ್ಲ. "ಕಡೆಗೆ ಚಾ ಮಾಡಿದ್ದ್ ಯಾರಿಗೆ?" ಎಂಬುದೊಂದೇ ಪ್ರಶ್ನೆ. ಅಳಿಯ ಬಂದಿದ್ದ. ಪಟೇಲರು ಬಂದಿದ್ದರು. ಬೀಗರು ಬಂದಿದ್ದರು. ನೀವು ಬಂದಿದ್ದಿರಿ. ಈ ಕೊನೆಯ ಉತ್ತರ ಎಷ್ಟು ಮನೆಗಳಲ್ಲಿ ಬಂತೆಂದರೆ, ಕಂಪನಿಯ ಚಹಾ ಅತಿ ಹೆಚ್ಚು ಕುಡಿದ ಗಿರಾಕಿ ನಾನೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಕುಂದಾಪುರ ಪೇಟೆಯೊಳಗಿನ ಕೆಲವು ಮನೆಗಳಲ್ಲಿ ಮಾತ್ರ ದಿನವೂ ಚಹಾ ಕಾಯುತ್ತಿತ್ತು. ಅವರನ್ನು ನಂಬಿಕೊಂಡು ನಾಲ್ಕು ತಿಂಗಳ ಮಾಲು ಎತ್ತುವಂತಿರಲಿಲ್ಲ.

ಕುಂದಾಪುರದ ಅಂಚೆ ಕಚೇರಿಯಿಂದ ದೇಶಪಾಂಡೆಯವರಿಗೆ ಟ್ರಂಕ್ ಕಾಲ್ ಮಾಡಿದೆ. ಆಗಿನ ಟ್ರಂಕ್ ಕಾಲ್ ಎಂದರೆ ಗುಟ್ಟಿನ ಮಾತಲ್ಲ. ನಾನು ಕಿರುಚಬೇಕು, ಅವರು ಕಿರುಚಬೇಕು, ಸ್ಟಾಂಪು ಕೊಳ್ಳಲು ಬಂದವರು ನಿಂತು ಕೇಳಬೇಕು.

"ಎಲ್ಲ ಫಾರಮ್ಮಿನಲ್ಲೂ ಬಹಳ ಚೆನ್ನಾಗಿದೆ ಎಂದು ಬಂದಿದೆ ಅಂತೀಯ. ಪ್ಯಾಕೆಟ್ಟೂ ಖರ್ಚಾಗಿದೆ. ಇನ್ನೇನು ತಕರಾರು ನಿನ್ನದು?" ಎಂದರು ದೇಶಪಾಂಡೆ.

"ಸರ್, ಆ ಚಹಾ ಕುಡಿದವಳು ನಾನು!"

ಅಂಚೆ ಕಚೇರಿಯಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ದೇಶಪಾಂಡೆಯವರು, "ಫಾರಂಗಳನ್ನು ಕಳಿಸು. ಅದರ ಮೇಲೆ ನಿನ್ನ ವರದಿಯಲ್ಲಿ ಏನು ಬರೆಯುತ್ತೀ ಎಂಬುದು ನಿನಗೆ ಬಿಟ್ಟದ್ದು" ಎಂದು ಇಟ್ಟುಬಿಟ್ಟರು. ಬರಿಯ ಫಾರಂ ಕಳಿಸಿದರೆ ಶೆಟ್ಟರಿಗೆ ಏಜೆನ್ಸಿ ಖಂಡಿತ. ಫಾರಮ್ಮಿನಲ್ಲಿ ಒಂದೂ ಸುಳ್ಳಿರಲಿಲ್ಲ. ಜನ ಹೇಳಿದ್ದನ್ನೇ ಬರೆದದ್ದು. ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಶೆಟ್ಟರ ಆ ಕೋಣೆಯ ಸುಣ್ಣ, ಹಲಗೆ ಎಲ್ಲ ಕಣ್ಣಮುಂದೆ ಬಂದವು.

ಮರುದಿನ ಉಪ್ಪುಂದಕ್ಕೆ ಹೋದೆ. ಶೆಟ್ಟರು ಖುಷಿಯಲ್ಲಿದ್ದರು. ಮುಂಬಯಿಯ ಹೋಟೆಲಿನ ಸೇಠರಿಗೆ ತಾನಿನ್ನು ಬರುವುದಿಲ್ಲವೆಂದು ಬರೆದ ಕಾಗದ ಜೇಬಿನಲ್ಲಿತ್ತು. ತೆಗೆದು ತೋರಿಸಿ, ಪೇಟೆಗೆ ಹೋಗಿ ಡಬ್ಬಿಗೆ ಹಾಕುವುದೊಂದೇ ಬಾಕಿ ಎಂದರು.

"ಶೆಟ್ರೆ, ಅದನ್ನ ಈಗ ಹಾಕ್ಬೇಡಿ" ಎಂದೆ. ಕೊಕ್ಕರ್ಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

ಅವರ ಮುಖ ಬಿಗಿಯಾಯಿತು. "ಅಜ್ಜಿ ಹೇಳ್ದ್ ಕೇಣಿ ನೀವ್ ನನ್ನ ಹೊಟ್ಟಿ ಮೇಲೆ ಹೊಡಿತ್ರ್ಯಾ? ಫಾರಮ್ಮಂಗೆ ಎಂತ ಬರ್ದಿತ್ತೊ ಅದ್ನೇ ಕಳ್ಸಿ ಮಾರಾಯ್ರೆ. ಮೇಲಿಂದ ನಿಮ್ದೊಂದ್ ಒಗ್ಗರಣಿ ಯಾಕೆ?"

"ಮಾಲ್ ಎತ್ತಿ ಹೋಗ್ದಿರೆ ಎಂತ ಮಾಡ್ತ್ರಿ? ಇಲ್ಲಿ ಏಜೆನ್ಸಿಯೂ ಇಲ್ಲೆ, ಅಲ್ಲಿ ಕೆಲ್ಸವೂ ಇಲ್ಲೆ."

ಅವರು ಎದ್ದು ಅಂಗಳಕ್ಕೆ ಹೋದರು. ನಾನು ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದೆ. ಗುಲಾಬಕ್ಕ ಅಲ್ಲಿಗೇ ಬಂದರು. ಕೊಡಪಾನ ಕೆಳಗಿಟ್ಟು, ನನ್ನ ಮುಖ ನೋಡದೆ ಮಾತಾಡಿದರು.

"ನೀವ್ ಸುಮ್ನಿದ್ದಿರೆ ಯಾರಿಗ್ ಗೊತ್ತಾತಿತ್ತ್ ಟೀಚರ್ರೆ? ದೊಡ್ಡ ಮಗಳಿಗ್ ಒಂಬತ್ತಾಯ್ತ್. ಅಪ್ಪ ಅಂದ್ರೆ ಟ್ರಂಕ್ ತಕಂಡ್ ಬಪ್ಪೋರ್ ಅಂತ್ಲೇ ಗೊತ್ತ್ ಅದ್ಕೆ. ಈಗ ಹೋರೆ ಇನ್ನೆರಡ್ ವರ್ಷ. ಅಷ್ಟೊತ್ತಿಗ್ ಈಗ ಆದ ಗುರ್ತವೂ ಮರ್ತ್ ಹೋತ್ತ್."

ನನಗೆ ಅಳು ಬಂತು. ಅತ್ತೂ ಬಿಟ್ಟೆ. ಅವರು ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡು, ಅದೇ ಸೆರಗನ್ನು ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಚಹಾ ಮಾಡಿದರು. ಜಗಳವಾಡಿದರೂ ಬಂದವಳಿಗೆ ಚಹಾ ತಪ್ಪಿಸುವಂತಿಲ್ಲವಲ್ಲ.

ಎಲ್ಲರೂ ಚಾವಡಿಗೆ ಬಂದೆವು. ಚಹಾದ ಲೋಟ ಕೈಗೆ ಬಂದಾಗ ಶೆಟ್ಟರಿಗೆ ಹೊಸ ಹುರುಪು ಬಂತು. ಲೋಟವನ್ನು ಎತ್ತಿ ನನಗೆ ತೋರಿಸಿದರು. "ಕಾಣಿ, ಇದೂ ಉಪ್ಪುಂದದ ಮನೆಯೇ. ನಮ್ಮನಿಲಿ ದಿನಾ ಎರಡ್ ಹೊತ್ ಚಾ ಆತ್ತ್. ಇದೆಂತ ಸುಳ್ಳಾ?"

ವಾದಕ್ಕೆ ಅದು ಸರಿಯಾದ ಸಾಕ್ಷಿಯೇ ಆಗಿತ್ತು. ನಾನು ಗುಲಾಬಕ್ಕನ ಕಡೆ ತಿರುಗಿದೆ. ಕೇಳುವುದು ರೂಢಿಯಾಗಿ ಹೋಗಿತ್ತು, ಬಾಯಿಂದ ಬಂದೇ ಬಿಟ್ಟಿತು: "ಇವ್ರ್ ಮುಂಬಯಿಯಂಗೆ ಇಪ್ಪತಿಗೆ ನೀವೆಂತ ಕುಡುದ್?"

ಗುಲಾಬಕ್ಕ ಗಂಡನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಾನೂ ಮಕ್ಳೂ ಕಷಾಯವೇ ಕುಡುದ್. ಇವ್ರ್ ಬತ್ರ್ ಅಂತ ಕಾಗ್ದ ಬಂದ್ರೆ ಚಾ ಹುಡಿ ತರ್ತೆ. ಇವ್ರ್ ಹೋದ್ಮೇಲೆ ಡಬ್ಬಿ ತೊಳ್ದ್ ಮೇಲಿಡ್ತೆ."

ಅವರು ದೂರಲಿಲ್ಲ, ಚುಚ್ಚಲಿಲ್ಲ. ಮನೆಯ ರೀತಿ ಹೇಳಿದರು, ಅಷ್ಟೆ. ಶೆಟ್ಟರು ಲೋಟವನ್ನು ಕೆಳಗಿಟ್ಟರು. ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. ಅಲ್ಲಿ ಇಬ್ಬರು ಮಕ್ಕಳೂ ತಂತಮ್ಮ ಲೋಟ ಹಿಡಿದು ನಿಂತಿದ್ದವು, ಲೋಟದಲ್ಲಿ ಕಷಾಯವಿತ್ತು. ತಿಂಗಳುಗಟ್ಟಲೆ ಅದೇ ಮನೆಯಲ್ಲಿದ್ದು ಅವರು ಅದನ್ನು ಗಮನಿಸಿರಲೇ ಇಲ್ಲ. ಚಹಾ ಚಾವಡಿಗೆ ಬರುತ್ತಿತ್ತು, ಕುಡಿಯುತ್ತಿದ್ದರು.

"ಹಾಂಗಾರೆ ಈ ಮನಿಗ್ ನಾನೂ ಬಂದೋನೇ" ಎಂದರು.

ಶೆಟ್ಟರು ಚಪ್ಪಲಿ ಮೆಟ್ಟಿಕೊಂಡು, ನನಗೆ ಹೋಗಿ ಬನ್ನಿ ಎಂದು ಕೂಡ ಹೇಳದೆ, ಪೇಟೆಯ ಕಡೆ ನಡೆದುಬಿಟ್ಟರು. ಕಾಗದವನ್ನು ಹರಿದು ಹಾಕಿ, ಮುಂಬಯಿಗೆ ಹಿಂದಿರುಗುವ ಬಸ್ಸು ವಿಚಾರಿಸಲು ಹೋದರೆಂದೇ ನಾನು ತಿಳಿದೆ. ಆ ಮನೆಯಿಂದ ಹೊರಡುವಾಗ ನನ್ನ ಕೆಲಸದ ಮೇಲೆ ನನಗೆ ಬಂದಷ್ಟು ಬೇಸರ ಹಿಂದೆ ಮುಂದೆ ಎಂದೂ ಬಂದಿಲ್ಲ.

ವರದಿ ಬರೆದೆ. ಈ ಭಾಗದಲ್ಲಿ ಚಹಾ ಮನೆಯವರ ಪಾನೀಯವಲ್ಲ, ಅತಿಥಿಗೆ ತೋರಿಸುವ ಮರ್ಯಾದೆ, ಆದ್ದರಿಂದ ದೊಡ್ಡ ಪ್ಯಾಕೆಟ್ಟು ಇಲ್ಲಿ ಹೋಗದು ಎಂದು ಬರೆದೆ. ಬಂದವರು ಬಾಗಿಲಲ್ಲಿ ಕಂಡಾಗ ಅಂಗಡಿಗೆ ಓಡಿ ತರಬಹುದಾದ, ಒಂದೇ ಪಾತ್ರೆಗೆ ಸಾಲುವ ಪುಟ್ಟ ಪೊಟ್ಟಣ ಮಾಡಿದರೆ ಹೋಗಬಹುದು ಎಂದೂ ಸೇರಿಸಿದೆ. ಅಷ್ಟು ಚಿಕ್ಕ ಪ್ಯಾಕೆಟ್ಟು ತಮ್ಮ ಯಂತ್ರದಲ್ಲಿ ಆಗುವುದಿಲ್ಲವೆಂದು ಕಂಪನಿ ಉತ್ತರ ಕೊಟ್ಟಿತು. ಏಜೆನ್ಸಿಯ ವಿಚಾರ ಅಲ್ಲಿಗೆ ಬಿತ್ತು. ದೇಶಪಾಂಡೆಯವರು ನನ್ನನ್ನು ಹೊಗಳಲೂ ಇಲ್ಲ, ಬಯ್ಯಲೂ ಇಲ್ಲ. ಆದರೆ ಮುಂದಿನ ಸರ್ವೆಯ ಫಾರಂ ಅಚ್ಚಾಗಿ ಬಂದಾಗ ನೋಡಿದರೆ "ಹೇಗಿತ್ತು?" ಎಂಬುದರ ಮೇಲೆ ಹೊಸದೊಂದು ಪ್ರಶ್ನೆ ಸೇರಿತ್ತು: "ಕೊನೆಯ ಸಲ ಇದನ್ನು ಯಾರಿಗಾಗಿ ಮಾಡಿದಿರಿ?"

ಆ ಮಳೆಗಾಲದ ನಡುವೆ ಬೆಂಗಳೂರಿನ ಆಫೀಸಿಗೆ ಶೆಟ್ಟರ ಒಂದು ಕಾರ್ಡು ಬಂತು. ಅವರು ಆ ದಿನ ಪೇಟೆಗೆ ಹೋದದ್ದು ಕಾಗದವನ್ನು ಡಬ್ಬಿಗೆ ಹಾಕಲಿಕ್ಕೇ ಅಂತೆ. ಏಜೆನ್ಸಿ ಇಲ್ಲವೆಂದು ಗೊತ್ತಿದ್ದೇ ಹಾಕಿದ್ದರು. "ಚಾ ಮಾರುಕ್ ಅಲ್ಲ, ಮನಿಯೋರೊಟ್ಟಿಗೆ ಕಷಾಯ ಕುಡುಕ್ ನಾನ್ ಇಲ್ಲೇ ನಿಂತಿದೆ" ಎಂದು ಬರೆದಿದ್ದರು. ಕಾರ್ಡು ಓದಿ ನನಗೆ ಮೊದಲು ಆದದ್ದು ಹೆದರಿಕೆ. ಕಷಾಯ ಕುಡಿದರೆ ಹೊಟ್ಟೆ ತುಂಬುತ್ತದೆಯೇ? ಆದರೆ ಕಾರ್ಡಿನ ಕೊನೆಯಲ್ಲಿ, ಜಾಗ ಸಾಲದೆ ಅಂಚಿನುದ್ದಕ್ಕೂ ಬರೆದ ಇನ್ನೊಂದು ಸಾಲಿತ್ತು. ಒಂದು ಪಾತ್ರೆ ಚಹಾಕ್ಕೆ ಎಷ್ಟು ಹುಡಿ ಬೇಕೆಂದು ತನಗಿಂತ ಚೆನ್ನಾಗಿ ಯಾವ ಕಂಪನಿಗೆ ಗೊತ್ತು ಎಂದು ಕೇಳಿದ್ದರು.

ನಾನು ಮತ್ತೆ ಉಪ್ಪುಂದಕ್ಕೆ ಹೋದದ್ದು 1971ರಲ್ಲಿ, ಬೇರೆ ಯಾವುದೋ ಸರ್ವೆಯ ನೆಪದಲ್ಲಿ. ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವಾಗಲೇ ದಾರಿಯ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ದಾರಕ್ಕೆ ಪೋಣಿಸಿದ ಪುಟ್ಟ ಪೊಟ್ಟಣಗಳು ತೂಗುವುದು ಕಾಣಿಸಿತು. ಮಂಗಳೂರಿನಿಂದ ಎರಡು ಬಗೆಯ ಹುಡಿ ತರಿಸಿ, ಮುಂಬಯಿಯ ಹದದಲ್ಲಿ ಬೆರೆಸಿ, ಒಂದು ಪಾತ್ರೆಯ ಲೆಕ್ಕಕ್ಕೆ ಶೆಟ್ಟರು ಕಟ್ಟುತ್ತಿದ್ದ ಪೊಟ್ಟಣಗಳು ಅವು. ಮೊದಲ ಎರಡು ಮಳೆಗಾಲ ಬಹಳ ಕಷ್ಟವಾಯಿತಂತೆ, ಒಮ್ಮೆ ಮಾಲೆಲ್ಲ ತಂಡಿ ಹಿಡಿದು ತೋಡಿಗೆ ಚೆಲ್ಲಬೇಕಾಯಿತಂತೆ. ಮುಂಬಯಿಯ ಸಂಪಾದನೆಯ ಹತ್ತಿರಕ್ಕೂ ಬರುವುದಿಲ್ಲ ಎಂದು ಅವರೇ ಹೇಳಿದರು. ಹೇಳುವಾಗ ಚಿಕ್ಕ ಮಗಳು ಅವರ ಬೆನ್ನಿಗೆ ಜೋತುಬಿದ್ದಿತ್ತು.

ಮುಂದಿನ ಕೋಣೆಯ ತುಂಬ ಚಹಾದ ಪರಿಮಳ. ಸುತ್ತಮುತ್ತ ಚಹಾದ ರಾಶಿ. ಇಂಥ ಮನೆಯಲ್ಲಿ ಒಳ್ಳೆಯ ಒಂದು ಲೋಟ ಸಿಕ್ಕೇ ಸಿಗುತ್ತದೆ ಎಂದು ನಾನು ಆಸೆಯಿಂದ ಕೂತಿದ್ದೆ. ಗುಲಾಬಕ್ಕ ಒಳಗಿನಿಂದ ಲೋಟಗಳನ್ನು ತಂದರು. ಶೆಟ್ಟರಿಗೆ ಒಂದು, ಮಕ್ಕಳಿಗೆ ಒಂದೊಂದು, ನನಗೊಂದು. ನೋಡಿದರೆ ಎಲ್ಲದರಲ್ಲೂ ಕೊತ್ತಂಬರಿ ಕಷಾಯ. ಮುಂಬಯಿಗೆಲ್ಲ ಚಹಾ ಕುಡಿಸಿದ ಮನುಷ್ಯ ಅದನ್ನು ಊದಿಕೊಂಡು ಕುಡಿಯಲು ಶುರುಮಾಡಿದ್ದರು.

"ಎಂತ ಗುಲಾಬಕ್ಕ, ನಂಗೊಂದ್ ಚಾ ಇಲ್ಯಾ?" ಎಂದು ತಮಾಷೆ ಮಾಡಿದೆ.

ಈ ವೃತ್ತಿಯಲ್ಲಿ ಮೂವತ್ತು ವರ್ಷ ಕಳೆದೆ. ಜನ ಏನು ಹೇಳುತ್ತಾರೆ ಎಂಬುದಕ್ಕಿಂತ, ಯಾವ ಬಾಗಿಲಲ್ಲಿ ನಿಂತವರಿಗೆ ಹೇಳುತ್ತಿದ್ದಾರೆ ಎಂದು ಮೊದಲು ನೋಡಬೇಕು. ನಾನು ಕಲಿತದ್ದು ಅಷ್ಟೇ, ಹೊಸ ಹುಡುಗರಿಗೆ ಕಲಿಸಿದ್ದೂ ಅಷ್ಟೇ. ಒಳ್ಳೆಯ ಮಾತು, ಸರ್ಟಿಫಿಕೇಟು ನನಗೂ ಕೆಲವು ಸಿಕ್ಕಿವೆ. ಆದರೆ ಆ ದಿನ ಗುಲಾಬಕ್ಕ ಕೊಟ್ಟ ಉತ್ತರದಷ್ಟು ದೊಡ್ಡದು ಯಾವುದೂ ಅಲ್ಲ. ಅವರು ನನ್ನನ್ನು ಟೀಚರ್ರೆ ಎನ್ನಲಿಲ್ಲ. ಲೋಟವನ್ನು ನನ್ನ ಕಡೆ ದೂಡಿ, "ನೀನೆಂತ ಬಂದೋಳಾ ಹೆಣ್ಣೆ? ಆರುಕ್ ಮುಂಚೆ ಕುಡಿ" ಎಂದರು.